ರೈತನ ಹೆಸರಿನಲ್ಲಿ ವಿನಾಯಿತಿ, ಸಿರಿವಂತನ ಅಂಗಳದಲ್ಲಿ ಹಮ್ಮರ್

ಒಂದು ಲೀಟರ್ ಇಂಧನಕ್ಕೆ ಸ್ಥೂಲವಾಗಿ ನಾಲ್ಕು ಕಿಲೋಮೀಟರ್ ಓಡುವ ಎರಡು ವಾಹನಗಳನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಒಂದು, ನಮ್ಮ ಊರುಗಳ ನಡುವೆ ಓಡಾಡುವ ಸರಕಾರಿ ಬಸ್ಸು. ಇನ್ನೊಂದು, ಅಮೇರಿಕದ ಜನರಲ್ ಮೋಟಾರ್ಸ್ ಕಂಪೆನಿಯು 2002ರಲ್ಲಿ ಮಾರುಕಟ್ಟೆಗೆ ತಂದ ಹಮ್ಮರ್ ಎಚ್2. ನೂರು ಕಿಲೋಮೀಟರ್ ಕ್ರಮಿಸಲು ಎರಡಕ್ಕೂ ಸುಮಾರು 25 ಲೀಟರ್ ಬೇಕು. ಬಸ್ಸಿನಲ್ಲಿ ಐವತ್ತು ಮಂದಿಯಿದ್ದರೆ ಒಬ್ಬೊಬ್ಬನ ಪಾಲಿಗೆ ಬರುವುದು ಅರ್ಧ ಲೀಟರ್. ಹಮ್ಮರ್‌ನಲ್ಲಿ ಒಡೆಯನೊಬ್ಬನೇ ಕಚೇರಿಗೆ ಹೋಗುತ್ತಿದ್ದರೆ 25 ಲೀಟರ್ ಕೂಡ ಅವನೊಬ್ಬನದೇ. ಗಾತ್ರದಲ್ಲಿ ಬಸ್ಸು ದೊಡ್ಡದು, ಆದರೆ ದುಂದುಗಾರ ಅದಲ್ಲ.

ದೊಡ್ಡ ವಾಹನಗಳು ಇಷ್ಟೊಂದು ಇಂಧನವನ್ನು ಕುಡಿಯುವುದೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಉತ್ತರ ವಿಜ್ಞಾನದ ಪಠ್ಯಪುಸ್ತಕದಲ್ಲಿದೆ, ಇನ್ನೊಂದು ಅಮೇರಿಕದ ಕಾನೂನಿನ ಪುಸ್ತಕದಲ್ಲಿದೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದರ ಬಗ್ಗೆ ಚರ್ಚೆಯಾಗುವುದು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಚರ್ಚೆಯಾಗಬೇಕಾದದ್ದು ಎರಡನೆಯದೇ. ಆದರೂ ಮೊದಲನೆಯದನ್ನು ತಿಳಿಯದೆ ಎರಡನೆಯದರ ಗಾಂಭೀರ್ಯ ಅರ್ಥವಾಗದು.

ಪೆಟ್ರೋಲ್ ಎಂಜಿನು ಮೂಲತಃ ಒಂದು ಒಲೆ. ಅದರೊಳಗೆ ಉರಿದ ಇಂಧನದ ಶಕ್ತಿಯಲ್ಲಿ ಚಕ್ರಗಳಿಗೆ ತಲುಪುವುದು ಐದನೆಯ ಒಂದು ಭಾಗದಷ್ಟು ಮಾತ್ರ. ಉಳಿದುದರಲ್ಲಿ ಬಹುಪಾಲು ಬಿಸಿಯಾಗಿ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಟುಹೋಗುತ್ತದೆ. ಚಕ್ರಗಳಿಗೆ ತಲುಪಿದ ಆ ಅಲ್ಪ ಶಕ್ತಿಗೆ ಮೂರು ಕೆಲಸಗಳಿವೆ. ನಿಂತ ವಾಹನವನ್ನು ವೇಗಕ್ಕೆ ಏರಿಸಬೇಕು, ಟಯರುಗಳ ಪ್ರತಿರೋಧವನ್ನು ಮೀರಬೇಕು, ಎದುರಿನ ಗಾಳಿಯನ್ನು ಸೀಳಬೇಕು. ಮೊದಲ ಎರಡು ಕೆಲಸಗಳ ಖರ್ಚು ನೇರವಾಗಿ ತೂಕವನ್ನು ಅವಲಂಬಿಸಿದೆ. ತೂಕ ಮೂರು ಪಟ್ಟಾದರೆ ಅದೇ ವೇಗಕ್ಕೆ ಏರಿಸಲು ಬೇಕಾದ ಶಕ್ತಿಯೂ ಮೂರು ಪಟ್ಟು. ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದೊಡನೆ ಆ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಮುಗಿದುಹೋಗುತ್ತದೆ. ಹಸಿರು ದೀಪ ಬಂದಾಗ ಮತ್ತೆ ಮೊದಲಿನಿಂದ ಖರ್ಚು ಮಾಡಬೇಕು. ನಗರದೊಳಗೆ ಭಾರೀ ವಾಹನವೊಂದು ದಿನವಿಡೀ ಮಾಡುವುದು ಇದನ್ನೇ.

ಹೆದ್ದಾರಿಯಲ್ಲಿ ಗಾಳಿಯ ಸರದಿ. ವೇಗ ಇಮ್ಮಡಿಯಾದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಅದು ವಾಹನದ ಎದುರು ಭಾಗದ ವಿಸ್ತಾರವನ್ನೂ ಆಕಾರವನ್ನೂ ಅವಲಂಬಿಸಿದೆ. ತಗ್ಗಾದ, ಮೂತಿ ಚೂಪಾದ ಕಾರು ಗಾಳಿಯೊಳಗೆ ನುಸುಳಿ ಹೋಗುತ್ತದೆ. ಹಮ್ಮರ್ ಹಾಗಲ್ಲ. ಎರಡು ಮೀಟರ್ ಅಗಲದ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಗೋಡೆಯೊಂದನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ತಳ್ಳಿಕೊಂಡು ಹೋದಂತೆ ಅದರ ಓಟ. ಇನ್ನು ಎಂಜಿನಿನ ಮಾತು. ಭಾರವನ್ನು ಚುರುಕಾಗಿ ಎಳೆಯಲೆಂದು ಇಟ್ಟ ದೊಡ್ಡ ಎಂಜಿನು ನಿತ್ಯದ ಓಡಾಟದಲ್ಲಿ ತನ್ನ ಸಾಮರ್ಥ್ಯದ ಅಲ್ಪಾಂಶವನ್ನಷ್ಟೇ ಬಳಸುತ್ತದೆ, ಮತ್ತು ಅಲ್ಪ ಹೊರೆಯಲ್ಲಿ ಪೆಟ್ರೋಲ್ ಎಂಜಿನಿನ ಕ್ಷಮತೆ ಕುಸಿಯುತ್ತದೆ. ಮದುವೆ ಮನೆಯ ಒಲೆಯಲ್ಲಿ ಒಬ್ಬ ಅತಿಥಿಗೆ ಚಹಾ ಕಾಯಿಸಿದಂತೆ. ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಹೆಚ್ಚುವರಿ ಗೇರು, ದಂಡಗಳ ಘರ್ಷಣೆ ಬೇರೆ.

ಇದನ್ನು ಒಂದು ಸ್ಥೂಲ ಲೆಕ್ಕಕ್ಕೆ ಇಳಿಸೋಣ. ಹಮ್ಮರ್ ಎಚ್2ನ ತೂಕ ಸುಮಾರು 2,900 ಕಿಲೋ. ಅದರೊಳಗೆ ಕುಳಿತವನದ್ದು 70 ಕಿಲೋ ಎಂದಿಟ್ಟುಕೊಳ್ಳಿ. ಅಂದರೆ ಸಾಗುತ್ತಿರುವ ಒಟ್ಟು ಭಾರದಲ್ಲಿ ಮನುಷ್ಯನ ಪಾಲು ನಲವತ್ತರಲ್ಲಿ ಒಂದು. ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ಬರುವುದೇ ಐದರಲ್ಲಿ ಒಂದು. ತೂಕಕ್ಕೆ ಅನುಗುಣವಾಗಿ ಹಂಚಿದರೆ, ನೂರು ರೂಪಾಯಿಯ ಪೆಟ್ರೋಲಿನಲ್ಲಿ ಆ ಮನುಷ್ಯನನ್ನು ಸಾಗಿಸಲು ಬಳಕೆಯಾದದ್ದು ಐವತ್ತು ಪೈಸೆ! ಉಳಿದ ತೊಂಬತ್ತೊಂಬತ್ತೂವರೆ ರೂಪಾಯಿ ಬಿಸಿಗೂ ಕಬ್ಬಿಣಕ್ಕೂ ಸಂದಾಯವಾಯಿತು.

ಅಷ್ಟಕ್ಕೂ ಈ ವಿಜ್ಞಾನ ಡೆಟ್ರಾಯಿಟ್‌ನ ಎಂಜಿನಿಯರುಗಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹಾಗಿದ್ದರೂ ಇಂತಹ ವಾಹನಗಳು ಅಮೇರಿಕದ ರಸ್ತೆಗಳನ್ನು ತುಂಬಿಕೊಂಡದ್ದು ಹೇಗೆ? ಇಲ್ಲಿಂದ ಎರಡನೆಯ ಉತ್ತರ ಪ್ರಾರಂಭವಾಗುತ್ತದೆ.

1973ರಲ್ಲಿ ಅರಬ್ ರಾಷ್ಟ್ರಗಳು ಅಮೇರಿಕದ ಮೇಲೆ ತೈಲ ನಿರ್ಬಂಧ ಹೇರಿದವು. ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದದ ಸಾಲುಗಳು ಕಾಣಿಸಿಕೊಂಡವು. ಅದರ ಪಾಠವಾಗಿ 1975ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕಾಯ್ದೆಗೆ ಸಹಿ ಹಾಕಿದರು. ಪ್ರತಿಯೊಂದು ಕಂಪೆನಿಯೂ ತಾನು ಮಾರುವ ಕಾರುಗಳ ಸರಾಸರಿ ಮೈಲೇಜನ್ನು ನಿಗದಿತ ಮಟ್ಟಕ್ಕೆ ಏರಿಸಬೇಕು, ತಪ್ಪಿದರೆ ದಂಡ ತೆರಬೇಕು ಎಂಬುದು ಅದರ ಸಾರ. 1985ರ ಹೊತ್ತಿಗೆ ಕಾರುಗಳಿಗೆ ನಿಗದಿಯಾದ ಗುರಿ ಗ್ಯಾಲನ್‌ಗೆ 27.5 ಮೈಲಿ, ಅಂದರೆ ಲೀಟರ್‌ಗೆ ಸುಮಾರು 11.7 ಕಿಲೋಮೀಟರ್. ನಿಜಕ್ಕೂ ಅದೊಂದು ಒಳ್ಳೆಯ ಕಾನೂನು. ಹೊಸ ಕಾರುಗಳ ಮೈಲೇಜು ಹತ್ತು ವರ್ಷಗಳೊಳಗೆ ಗಣನೀಯವಾಗಿ ಏರಿತು.

ಆದರೆ ಆ ಕಾನೂನಿನಲ್ಲಿ ಒಂದು ಕಿಂಡಿಯಿತ್ತು. ಹುಲ್ಲು, ಗೊಬ್ಬರ, ಮರಮುಟ್ಟು ಸಾಗಿಸುವ ರೈತ ಮತ್ತು ಬಡಗಿಯ ಪಿಕಪ್ ವಾಹನಕ್ಕೆ ಕಾರಿನ ನಿಯಮವನ್ನು ಅನ್ವಯಿಸುವುದು ನ್ಯಾಯವೇ ಎಂಬ ಪ್ರಶ್ನೆ ಬಂತು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ದುಡಿಯುವ ವಾಹನಕ್ಕೆ ಭಾರ ಹೊರುವ ಕೆಲಸವಿದೆ, ಅದಕ್ಕೆ ಇಂಧನ ಹೆಚ್ಚು ಬೇಕು. ಹಾಗಾಗಿ ‘ಹಗುರ ಟ್ರಕ್ಕು’ ಎಂಬ ಪ್ರತ್ಯೇಕ ವರ್ಗವನ್ನು ಮಾಡಿ ಅದಕ್ಕೆ ಸಡಿಲವಾದ ಗುರಿಯನ್ನು ಕೊಡಲಾಯಿತು. ಕಾರುಗಳಿಗೆ 27.5 ಮೈಲಿಯ ಗುರಿಯಿದ್ದಾಗ ಈ ವರ್ಗಕ್ಕೆ 1996ರಿಂದ 2004ರ ವರೆಗೂ ಇದ್ದದ್ದು ಬರೇ 20.7 ಮೈಲಿ. ಇಂಧನ ದುಂದುಗಾರ ಕಾರುಗಳ ಮೇಲೆ 1978ರ ಕಾಯ್ದೆಯು ವಿಶೇಷ ತೆರಿಗೆ ಹಾಕಿದಾಗಲೂ ಟ್ರಕ್ಕು ಎಂಬ ಹೆಸರಿರುವವುಗಳನ್ನು ಹೊರಗಿಟ್ಟಿತು.

ಹಾಗಾದರೆ ಟ್ರಕ್ಕು ಎಂದರೆ ಏನು? ಕಾನೂನಿನ ವ್ಯಾಖ್ಯಾನ ಇಲ್ಲಿ ಉದಾರವಾಗಿತ್ತು. ರಸ್ತೆಯಿಲ್ಲದ ಜಾಗದಲ್ಲಿ ಓಡಬಲ್ಲ ನಾಲ್ಕು ಚಕ್ರಗಳ ಚಾಲನೆ ಮತ್ತು ನೆಲದಿಂದ ತಕ್ಕಷ್ಟು ಎತ್ತರವಿದ್ದರೆ ಅದು ಟ್ರಕ್ಕು. ಹಿಂದಿನ ಆಸನಗಳನ್ನು ತೆಗೆದಾಗ ಸಮತಟ್ಟಾದ ಸರಕಿನ ಜಾಗ ಸಿಕ್ಕಿದರೂ ಅದು ಟ್ರಕ್ಕು. ಕಂಪೆನಿಗಳಿಗೆ ಇಷ್ಟು ಸಾಕಾಯಿತು. ಪಿಕಪ್‌ನ ಅಡಿಗಟ್ಟಿನ ಮೇಲೆ ಚರ್ಮದ ಆಸನ, ಹವಾನಿಯಂತ್ರಣ, ಸಂಗೀತದ ಪೆಟ್ಟಿಗೆಗಳನ್ನು ಜೋಡಿಸಿ ಕುಟುಂಬದ ವಾಹನವೆಂದು ಮಾರತೊಡಗಿದವು. 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಈ ಬಗೆಯ ವಾಹನಗಳನ್ನು ಮನೆಮಾತಾಗಿಸಿತು. ಕ್ರೈಸ್ಲರ್ ಕಂಪೆನಿಯ ಪಿಟಿ ಕ್ರೂಸರ್ ಎಂಬ ಪುಟ್ಟ ಕಾರು ಆಸನ ಕಳಚಬಹುದೆಂಬ ಕಾರಣಕ್ಕೆ ಟ್ರಕ್ಕುಗಳ ಪಟ್ಟಿ ಸೇರಿತು. 2004ರಲ್ಲಿ ಜಪಾನಿನ ಸುಬಾರು ಕಂಪೆನಿಯು ತನ್ನ ಔಟ್‌ಬ್ಯಾಕ್ ಕಾರನ್ನು ನೆಲದಿಂದ ತುಸು ಎತ್ತರಿಸಿ ಟ್ರಕ್ಕೆಂಬ ಪಟ್ಟ ಕಟ್ಟಿಸಿಕೊಂಡಿತು. ಹುಲ್ಲಿನ ಹೊರೆಯನ್ನೇ ಕಾಣದ ವಾಹನಗಳು ಹುಲ್ಲು ಹೊರುವವನ ವಿನಾಯಿತಿಯನ್ನು ಪಡೆದವು.

ಕಂಪೆನಿಗಳ ಈ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. 1960ರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೇರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಪ್ರತೀಕಾರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಆಮದಾಗುವ ಬ್ರಾಂದಿ, ಪಿಷ್ಟ ಮತ್ತು ಹಗುರ ಟ್ರಕ್ಕುಗಳ ಮೇಲೆ ಸುಂಕ ಘೋಷಿಸಿದರು. ಕೋಳಿಯ ಜಗಳ ಮುಗಿಯಿತು, ಬ್ರಾಂದಿಯ ಸುಂಕವೂ ಹೋಯಿತು. ಟ್ರಕ್ಕಿನ ಮೇಲಿನ ಶೇಕಡಾ 25ರ ಸುಂಕ ಮಾತ್ರ ಉಳಿದುಕೊಂಡಿತು. ಸಣ್ಣ ಕಾರುಗಳಲ್ಲಿ ಜಪಾನಿನ ಪೈಪೋಟಿಯೆದುರು ಬಳಲಿದ್ದ ಡೆಟ್ರಾಯಿಟ್‌ಗೆ ಪಿಕಪ್ ಮಾರುಕಟ್ಟೆಯು ಸುರಕ್ಷಿತ ಕೋಟೆಯಾಯಿತು. ಸಣ್ಣ ಕಾರಿನಲ್ಲಿ ಲಾಭ ಸಿಗುವುದೇ ಕಷ್ಟ, ದೊಡ್ಡದರಲ್ಲಿ ಒಂದೊಂದಕ್ಕೂ ಸಾವಿರಾರು ಡಾಲರ್ ಲಾಭ. ಹೀಗಿರುವಾಗ ಯಾವ ಕಂಪೆನಿ ತಾನೇ ಸಣ್ಣ ಕಾರಿನ ಜಾಹೀರಾತಿಗೆ ಹಣ ಸುರಿಯುತ್ತದೆ? ಕಿಂಡಿಯನ್ನು ಮುಚ್ಚುವ ಪ್ರಯತ್ನಗಳೂ ಸೋತವು. 1990ರ ದಶಕದ ಮಧ್ಯಭಾಗದಿಂದ ಸುಮಾರು ಆರು ವರ್ಷಗಳ ಕಾಲ ಅಮೇರಿಕದ ಸಂಸತ್ತು, ಮೈಲೇಜಿನ ಗುರಿಯನ್ನು ಏರಿಸಲು ಸಾರಿಗೆ ಇಲಾಖೆಯು ಒಂದು ಡಾಲರನ್ನೂ ಖರ್ಚು ಮಾಡಬಾರದೆಂದು ಪ್ರತಿವರ್ಷದ ಬಜೆಟ್‌ನಲ್ಲೇ ಷರತ್ತು ಹಾಕಿತು!

ಇದರ ಪರಿಣಾಮವನ್ನು ಅಮೇರಿಕ ಸರಕಾರದ ಅಂಕಿ-ಅಂಶಗಳೇ ಹೇಳುತ್ತವೆ. 1987ರಲ್ಲಿ ಅಲ್ಲಿನ ಹೊಸ ವಾಹನಗಳ ಸರಾಸರಿ ಮೈಲೇಜು ಗ್ಯಾಲನ್‌ಗೆ 22 ಮೈಲಿ ಇತ್ತು. ಹದಿನೇಳು ವರ್ಷಗಳ ಬಳಿಕ, 2004ರಲ್ಲಿ, ಅದು 19.3ಕ್ಕೆ ಕುಸಿದಿತ್ತು. ಈ ಅವಧಿಯಲ್ಲಿ ತಂತ್ರಜ್ಞಾನವೇನೂ ನಿದ್ದೆ ಮಾಡಿರಲಿಲ್ಲ. ಎಂಜಿನುಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಲೇ ಇದ್ದವು. ಆದರೆ ಸುಧಾರಣೆಯ ಲಾಭವೆಲ್ಲ ಮೈಲೇಜಿಗೆ ಹೋಗದೆ ಗಾತ್ರಕ್ಕೂ ಗತ್ತಿಗೂ ಹೋಯಿತು. ಹೊಸ ವಾಹನದ ಸರಾಸರಿ ಶಕ್ತಿ 118 ಅಶ್ವಶಕ್ತಿಯಿಂದ 211ಕ್ಕೆ ಏರಿತು. ಸರಾಸರಿ ತೂಕ ಸುಮಾರು 1,460 ಕಿಲೋದಿಂದ 1,865 ಕಿಲೋಗೆ ಏರಿತು. 1975ರಲ್ಲಿ ಹೊಸ ವಾಹನಗಳ ಐದನೇ ಒಂದು ಪಾಲಿದ್ದ ಟ್ರಕ್ಕು ವರ್ಗ 2004ರಲ್ಲಿ ಹೆಚ್ಚುಕಡಿಮೆ ಅರ್ಧವಾಗಿತ್ತು. ಅಮೇರಿಕದಲ್ಲಿ ರೈತರ ಸಂಖ್ಯೆ ಹೆಚ್ಚಿತ್ತೇ? ಇಲ್ಲ, ಕಡಿಮೆಯಾಗಿತ್ತು.

ಈ ಕಥೆಯ ಶಿಖರದಲ್ಲಿ ನಿಂತದ್ದು ಹಮ್ಮರ್. ಅದರ ಮೂಲ ಅಮೇರಿಕನ್ ಸೇನೆಯ ಹಮ್‌ವೀ. 1991ರ ಕೊಲ್ಲಿ ಯುದ್ಧದ ಮರುಭೂಮಿಯಲ್ಲಿ ಟಿ.ವಿ. ಪರದೆಯ ಮೇಲೆ ಅದನ್ನು ಕಂಡ ಅಮೇರಿಕನ್ನರಿಗೆ ಮರುವರ್ಷವೇ ಅದರ ನಾಗರಿಕ ರೂಪ ಮಾರಾಟಕ್ಕೆ ಸಿಕ್ಕಿತು. ಸಿನಿಮಾ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅದರ ಪ್ರಖ್ಯಾತ ಒಡೆಯರಾಗಿದ್ದರು. ಬಳಿಕ ಜನರಲ್ ಮೋಟಾರ್ಸ್ ಆ ಹೆಸರನ್ನು ಕೊಂಡು 2002ರಲ್ಲಿ ಎಚ್2ವನ್ನು ತಂದಿತು. ಅದೆಷ್ಟು ಭಾರವಿತ್ತೆಂದರೆ, ಹೊರೆ ಸಮೇತ 8,500 ಪೌಂಡ್, ಅಂದರೆ ಸುಮಾರು 3,850 ಕಿಲೋ ಮೀರಿದ ವಾಹನಗಳಿಗೆ ಮೈಲೇಜಿನ ಕಾನೂನೇ ಅನ್ವಯಿಸದು ಎಂಬ ನಿಯಮದಡಿಯಲ್ಲಿ ಅದು ಪೂರ್ತಿಯಾಗಿ ಪಾರಾಯಿತು. ಸಣ್ಣ ಕಾರಿನ ಗಾಜಿನ ಮೇಲೆ ಅದರ ಮೈಲೇಜನ್ನು ಕಡ್ಡಾಯವಾಗಿ ಅಂಟಿಸಬೇಕಿತ್ತು. ಹಮ್ಮರ್‌ಗೆ ಆ ಚೀಟಿಯೂ ಬೇಕಿರಲಿಲ್ಲ. ಇಷ್ಟು ಸಾಲದೆಂಬಂತೆ, ಸಣ್ಣ ವ್ಯಾಪಾರಿಗಳು ಯಂತ್ರೋಪಕರಣ ಕೊಳ್ಳಲೆಂದು ಇದ್ದ ತೆರಿಗೆ ರಿಯಾಯಿತಿಯ ಮಿತಿಯನ್ನು 2003ರಲ್ಲಿ ಒಂದು ಲಕ್ಷ ಡಾಲರ್‌ಗೆ ಏರಿಸಲಾಯಿತು. ಆರು ಸಾವಿರ ಪೌಂಡ್ ಮೀರಿದ ವಾಹನಗಳೂ ಅದರೊಳಗೆ ಬರುತ್ತಿದ್ದವು. ವೈದ್ಯನೋ ವಕೀಲನೋ ತನ್ನ ವೃತ್ತಿಯ ಹೆಸರಿನಲ್ಲಿ ಹಮ್ಮರ್ ಕೊಂಡರೆ ಅದರ ಬೆಲೆಯನ್ನು ಆದಾಯದಿಂದ ಕಳೆದು ತೋರಿಸಬಹುದಿತ್ತು. ಟೀಕೆಗಳು ಹೆಚ್ಚಿದ ಬಳಿಕ 2004ರಲ್ಲಿ ಆ ಮಿತಿಯನ್ನು 25 ಸಾವಿರಕ್ಕೆ ಇಳಿಸಲಾಯಿತು.

ಅದೇ 2003ರಲ್ಲಿ ಅಮೇರಿಕವು ಇರಾಕಿನ ಮೇಲೆ ದಂಡೆತ್ತಿ ಹೋಯಿತು. ಹಮ್ಮರ್‌ಗಾಗಿಯೇ ಆ ಯುದ್ಧ ನಡೆಯಿತೆಂದು ನಾವು ಹೇಳುತ್ತಿಲ್ಲ. ಯುದ್ಧಗಳಿಗೆ ಒಂದೇ ಕಾರಣವಿರುವುದಿಲ್ಲ. ಆದರೆ ಜಗತ್ತಿನ ಜನಸಂಖ್ಯೆಯ ಇಪ್ಪತ್ತನೇ ಒಂದು ಪಾಲಿರುವ ದೇಶವು ಜಗತ್ತಿನ ತೈಲದ ಕಾಲು ಭಾಗವನ್ನು ಉರಿಸುತ್ತಿದ್ದಾಗ, ತೈಲವಿರುವ ನೆಲದ ಮೇಲೆ ಅದರ ಕಣ್ಣು ಸದಾ ನೆಟ್ಟಿರುವುದು ಆಶ್ಚರ್ಯವಲ್ಲ. ಅಮೇರಿಕವು ತೈಲದ ಚಟಕ್ಕೆ ಬಿದ್ದಿದೆಯೆಂದು 2006ರ ಜನವರಿಯಲ್ಲಿ ಸಂಸತ್ತಿನ ಮುಂದೆ ಒಪ್ಪಿಕೊಂಡವರು ಬೇರೆ ಯಾರೂ ಅಲ್ಲ, ಅಧ್ಯಕ್ಷ ಜಾರ್ಜ್ ಬುಷ್. ಅದಕ್ಕಿಂತ ಮುಂಚೆಯೇ ಆ ದೇಶದೊಳಗಿನ ಆತ್ಮಸಾಕ್ಷಿ ಮಾತಾಡಿತ್ತು. ಯೇಸು ಬದುಕಿರುತ್ತಿದ್ದರೆ ಯಾವ ವಾಹನವನ್ನು ಓಡಿಸುತ್ತಿದ್ದರು ಎಂದು ಕೇಳುತ್ತಾ 2002ರಲ್ಲಿ ಕ್ರೈಸ್ತ ಪರಿಸರ ಸಂಘಟನೆಯೊಂದು ಅಭಿಯಾನ ನಡೆಸಿತ್ತು. ವಾಹನದ ಆಯ್ಕೆಯು ನೈತಿಕತೆಯ ಪ್ರಶ್ನೆಯೂ ಹೌದು ಎಂಬುದನ್ನು ಆ ಅಭಿಯಾನ ಧೈರ್ಯದಿಂದ ಹೇಳಿತು.

2008ರ ಜುಲೈಯಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಮರುವರ್ಷ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಸಲ್ಲಿಸಿತು. 2010ರಲ್ಲಿ ಹಮ್ಮರ್ ತಯಾರಿಕೆ ನಿಂತಿತು. ಆದರೆ ಕಿಂಡಿ ಮುಚ್ಚಲಿಲ್ಲ. 2007ರ ಹೊಸ ಕಾಯ್ದೆಯ ಬಳಿಕ ಮೈಲೇಜಿನ ಗುರಿಗಳು ಏರಿದವು ನಿಜ. ಆದರೆ ವಾಹನವು ನೆಲದ ಮೇಲೆ ಆಕ್ರಮಿಸುವ ವಿಸ್ತಾರ ಹೆಚ್ಚಿದಷ್ಟೂ ಗುರಿ ಸಡಿಲವಾಗುವಂತೆ ನಿಯಮ ರೂಪಿಸಲಾಯಿತು. ದೊಡ್ಡದಾಗು, ರಿಯಾಯಿತಿ ಪಡೆ ಎಂಬುದು ಅದರ ಭಾವಾರ್ಥ. 2018ರಲ್ಲಿ ಫೋರ್ಡ್ ಕಂಪೆನಿಯು ಅಮೇರಿಕದಲ್ಲಿ ಸೆಡಾನ್ ಕಾರುಗಳ ಮಾರಾಟವನ್ನೇ ಕೈಬಿಡುವುದಾಗಿ ಪ್ರಕಟಿಸಿತು. 2025ರ ಜುಲೈಯಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು, ಮೈಲೇಜಿನ ಗುರಿ ತಪ್ಪಿದ ಕಂಪೆನಿಗಳು ತೆರಬೇಕಾದ ದಂಡವನ್ನು ಸೊನ್ನೆಗೆ ಇಳಿಸಿತು. ದಂಡವಿಲ್ಲದ ಕಾನೂನನ್ನು ಕಾನೂನು ಎನ್ನುವುದು ಹೇಗೆ?

ಇನ್ನು ವಿದ್ಯುತ್ ವಾಹನ ಬಂದರೆ ಎಲ್ಲವೂ ಸರಿಯಾಗುತ್ತದೆ ಎನ್ನುವವರಿದ್ದಾರೆ. ಹಮ್ಮರ್ ಎಂಬ ಹೆಸರು 2021ರ ಕೊನೆಯಲ್ಲಿ ಬ್ಯಾಟರಿಯೊಂದಿಗೆ ಮರಳಿ ಬಂತು. ಈಗ ಅದರ ತೂಕ ನಾಲ್ಕು ಸಾವಿರ ಕಿಲೋ ಮೀರಿದೆ. ಬ್ಯಾಟರಿಯೊಂದೇ ಸುಮಾರು 1,300 ಕಿಲೋ, ಒಂದು ಸಣ್ಣ ಕಾರಿಗಿಂತಲೂ ಭಾರ. ಹೊಗೆಕೊಳವೆ ಮಾಯವಾಯಿತೇ ಹೊರತು ದುಂದುಗಾರಿಕೆ ಮಾಯವಾಗಲಿಲ್ಲ.

ಈ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ಕೇಳಬೇಕು ಕೂಡ. ನಾವು ನಮ್ಮದೇ ಮನೆಯನ್ನು ನೋಡಿಕೊಳ್ಳೋಣ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಇಲ್ಲಿ 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರದ ಮೇಲೆ ಸರಕಾರದ ಹಿಡಿತವಿತ್ತು. ರೈತನ ಪಂಪ್‌ಸೆಟ್ಟು, ಸರಕು ಲಾರಿ, ಬಡವನ ಬಸ್ಸು ಇವುಗಳಿಗಾಗಿ ಡೀಸೆಲನ್ನು ಅಗ್ಗವಾಗಿಡಲಾಗಿತ್ತು. 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಪೆಟ್ರೋಲ್ ಲೀಟರ್‌ಗೆ 73 ರೂಪಾಯಿಯಾದಾಗ ಡೀಸೆಲ್ 41 ರೂಪಾಯಿಯಿತ್ತು. ಆ ಮೂವತ್ತೆರಡು ರೂಪಾಯಿಯ ಅಂತರದ ಲಾಭವನ್ನು ರೈತನ ಜೊತೆ ಸಾಲಿನಲ್ಲಿ ನಿಂತು ಪಡೆದವರು ಯಾರು? ಹತ್ತಾರು ಲಕ್ಷದ ಡೀಸೆಲ್ ಎಸ್‌ಯುವಿಗಳ ಒಡೆಯರು! ಡೀಸೆಲ್ ಕಾರುಗಳ ಮೇಲೆ 80 ಸಾವಿರ ರೂಪಾಯಿ ಹೆಚ್ಚುವರಿ ಸುಂಕ ಹಾಕಬೇಕೆಂದು ಕಿರೀಟ್ ಪಾರೀಖ್ ಸಮಿತಿ 2010ರಲ್ಲೇ ಶಿಫಾರಸು ಮಾಡಿತ್ತು. ಅದು ಕಡತದಲ್ಲೇ ಉಳಿಯಿತು. ಅಮೇರಿಕದಲ್ಲಿ ರೈತನ ಹೆಸರಿನ ಕಿಂಡಿಯಿಂದ ಹಮ್ಮರ್ ನುಸುಳಿದಂತೆ ಇಲ್ಲಿಯೂ ರೈತನ ಹೆಸರಿನ ಸಬ್ಸಿಡಿಯಲ್ಲಿ ಸಿರಿವಂತನ ಟ್ಯಾಂಕು ತುಂಬಿತು.

ಕಾನೂನು ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. ನಾಲ್ಕು ಮೀಟರ್ ಮೀರದ, ಸಣ್ಣ ಎಂಜಿನಿನ ಕಾರುಗಳ ಅಬಕಾರಿ ಸುಂಕವನ್ನು 2006ರ ಬಜೆಟ್ ಶೇಕಡಾ 24ರಿಂದ 16ಕ್ಕೆ ಇಳಿಸಿತು. ಎರಡೇ ವರ್ಷಗಳಲ್ಲಿ ಟಾಟಾ ಕಂಪೆನಿ ತನ್ನ ಇಂಡಿಗೋ ಕಾರಿನ ಹಿಂಭಾಗವನ್ನು ಮೋಟು ಮಾಡಿ ನಾಲ್ಕು ಮೀಟರಿನೊಳಗೆ ತಂದಿತು. 2012ರಲ್ಲಿ ಮಾರುತಿಯ ಡಿಸೈರ್ ಕೂಡ ಹಾಗೆಯೇ ಕುಗ್ಗಿತು. ಅಂದರೆ ವಾಹನದ ಗಾತ್ರವನ್ನು ಗ್ರಾಹಕನ ಆಸೆಯೊಂದೇ ನಿರ್ಧರಿಸುವುದಿಲ್ಲ, ತೆರಿಗೆಯ ಅಳತೆಗೋಲೂ ನಿರ್ಧರಿಸುತ್ತದೆ. ಆದರೂ ಇಂದು ಇಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಎಂಬ ಹೆಸರಿನವು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಪರಿಷ್ಕರಣೆಯಾದಾಗ ಸಣ್ಣ ಕಾರುಗಳ ತೆರಿಗೆ ಶೇಕಡಾ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ಅದೇ ವೇಳೆ, ಸೆಸ್ ಸೇರಿ ಶೇಕಡಾ 50ರಷ್ಟಿದ್ದ ದೊಡ್ಡ ಎಸ್‌ಯುವಿಗಳ ತೆರಿಗೆಯೂ 40ಕ್ಕೆ ಇಳಿಯಿತು. ಅದರ ಅಗತ್ಯವೇನಿತ್ತು?

ದೊಡ್ಡ ವಾಹನ ಸುರಕ್ಷಿತವಲ್ಲವೇ ಎಂಬ ವಾದವಿದೆ. ಒಳಗಿರುವವನಿಗೆ ಹೌದು. ಆದರೆ ಡಿಕ್ಕಿಯಲ್ಲಿ ಭಾರವಾದದ್ದು ಉಳಿಸಿಕೊಂಡ ಸುರಕ್ಷತೆಯನ್ನು ಹಗುರವಾದದ್ದು ಕಳಕೊಳ್ಳುತ್ತದೆ. ಎದುರಿಗಿರುವ ಸಣ್ಣ ಕಾರಿನವನಿಗೂ, ಬೈಕಿನವನಿಗೂ, ರಸ್ತೆ ದಾಟುವ ಮಗುವಿಗೂ ಅಪಾಯ ಹೆಚ್ಚುತ್ತದೆ. ನನ್ನ ಹಣ, ನನ್ನ ಪೆಟ್ರೋಲ್ ಎಂಬ ವಾದವೂ ಇದೆ. ತೈಲಕ್ಕೆ ಇರುವುದು ಜಾಗತಿಕ ಮಾರುಕಟ್ಟೆ. ಬೇಡಿಕೆ ಏರಿದಾಗ ಬೆಲೆ ಏರುತ್ತದೆ, ಮತ್ತು ಆ ಬೆಲೆಯನ್ನು ಮೀನುಗಾರನೂ ಆಟೋ ಚಾಲಕನೂ ತೆರುತ್ತಾರೆ. ಮನೆ ತುಂಬಾ ಮಂದಿಯಿರುವ ಕುಟುಂಬ, ಘಟ್ಟದ ಕೆಟ್ಟ ದಾರಿಯಲ್ಲಿ ನಿತ್ಯ ಓಡಾಡುವವ, ಬಾಡಿಗೆಗೆ ಜನರನ್ನು ಒಯ್ಯುವವ ದೊಡ್ಡ ವಾಹನ ಇಟ್ಟುಕೊಳ್ಳುವುದನ್ನು ನಾವು ಆಕ್ಷೇಪಿಸುತ್ತಿಲ್ಲ. ತುಂಬಿದ ವಾಹನದ ಬಗ್ಗೆ ನಮಗೆ ತಕರಾರಿಲ್ಲ. ಖಾಲಿ ಆಸನಗಳನ್ನು ಹೊತ್ತು ತಿರುಗುವ ವಾಹನಕ್ಕೆ ಸಮಾಜವು ರಿಯಾಯಿತಿ ಕೊಡಬೇಕೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಇಲ್ಲಿ ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಲೀಟರ್‌ಗೆ 16 ಕಿಲೋಮೀಟರ್ ಕೊಡುವ ಕಾರನ್ನು 20ಕ್ಕೆ ಸುಧಾರಿಸಿದರೆ ನೂರು ಕಿಲೋಮೀಟರ್‌ಗೆ ಉಳಿಯುವುದು ಒಂದೂಕಾಲು ಲೀಟರ್. ನಾಲ್ಕು ಕೊಡುವ ವಾಹನವನ್ನು ಐದಕ್ಕೆ ಸುಧಾರಿಸಿದರೆ ಉಳಿಯುವುದು ಪೂರ್ತಿ ಐದು ಲೀಟರ್. ಅಂದರೆ ಉಳಿತಾಯದ ಗಣಿ ಇರುವುದು ಅತಿ ದುಂದುಗಾರ ವಾಹನಗಳಲ್ಲೇ. ಅಮೇರಿಕದ ಕಾನೂನು ನಾಲ್ಕು ದಶಕ ಮಾಡಿದ್ದು ಅದಕ್ಕೆ ತದ್ವಿರುದ್ಧ. ಎಲ್ಲಿ ಹಿಡಿಯಬೇಕಿತ್ತೋ ಅಲ್ಲೇ ಸಡಿಲ ಬಿಟ್ಟಿತು.

ದಾರಿಯೇ ಇಲ್ಲವೆಂದಲ್ಲ. ಫ್ರಾನ್ಸ್ 2022ರಿಂದ ಭಾರದ ಕಾರುಗಳಿಗೆ ತೂಕದ ಲೆಕ್ಕದಲ್ಲಿ ತೆರಿಗೆ ಹಾಕುತ್ತಿದೆ. ಹೊರಗಿನಿಂದ ಬರುವ ಭಾರೀ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡುವುದಕ್ಕೆ ಪ್ಯಾರಿಸ್ ನಗರದಲ್ಲಿ 2024ರ ಫೆಬ್ರವರಿಯಲ್ಲಿ ಮತದಾನ ನಡೆದು, ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ಇಲ್ಲಿಯೂ ತೆರಿಗೆಯನ್ನು ವಾಹನದ ಹೆಸರಿಗೋ ಆಕಾರಕ್ಕೋ ಕಟ್ಟುವ ಬದಲು ತೂಕಕ್ಕೂ ಇಂಧನಕ್ಕೂ ಕಟ್ಟಲಿ. ದುಡಿಯುವವನಿಗೆ ವಿನಾಯಿತಿ ಕೊಡುವುದಾದರೆ ಅದು ಅವನ ಕೈಗೇ ತಲುಪುವಂತಿರಲಿ. ಆ ಹಣ ಬಸ್ಸಿಗೆ ಹೋಗಲಿ. ಲೀಟರ್‌ಗೆ ನಾಲ್ಕೇ ಕಿಲೋಮೀಟರ್ ಓಡಿದರೂ ಐವತ್ತು ಮಂದಿಯನ್ನು ಮನೆ ಮುಟ್ಟಿಸುವ ಆ ಹಳೆಯ ಬಸ್ಸಿಗಿಂತ ಮಿತವ್ಯಯದ ವಾಹನವನ್ನು ಡೆಟ್ರಾಯಿಟ್ ಈವರೆಗೂ ತಯಾರಿಸಿಲ್ಲ.